ಅಪರೂಪವಾಗುತ್ತಿರುವ ರ‍್ಯಾಕೆಟ್

ಟೆನಿಸ್ ಆಟಗಾರ ಪೀಟ್ ಸಾಂಪ್ರಾಸ್ 14 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು ವಿಲ್ಸನ್ ಪ್ರೊ ಸ್ಟಾಫ್ ಒರಿಜಿನಲ್ 6.0 ಹಿಡಿದು. ಗ್ರಾಫೈಟ್ ಮತ್ತು ಕೆವ್ಲಾರ್ ಎಳೆಗಳಿಂದಾದ ಈ ರ‍್ಯಾಕೆಟ್ಟಿನ ತಲೆ ಬರೀ 85 ಚದರ ಇಂಚು. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ರ‍್ಯಾಕೆಟ್ಟುಗಳದು 100ರ ಆಸುಪಾಸು. ಚೆಂಡು ನಡುವಿಗೆ ತಾಗದಿದ್ದರೆ ಇದು ಕ್ಷಮಿಸುವುದಿಲ್ಲ, ತಾಗಿದರೆ ಬೇರೆ ಯಾವುದೂ ಬೇಡವೆನಿಸುತ್ತದೆ. ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ತಯಾರಾದವೇ ಸಾಂಪ್ರಾಸ್‌ಗೆ ಬೇಕಿದ್ದವು. ಅಲ್ಲಿ ತಯಾರಿಕೆ ನಿಂತ ಮೇಲೆ ಅವುಗಳ ಬೆಲೆ ಏರಿತು.

ಹಳೆಯದನ್ನು ಕೊಳ್ಳುವಾಗ ಬಣ್ಣದ ಗೀರಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಚೌಕಟ್ಟಿನ ಬಿರುಕಿಗೆ. ಕತ್ತಿನ ಭಾಗ, ತಲೆಯ ತುದಿ, ತಂತಿ ತೂರುವ ರಂಧ್ರಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದೇ ಮಾದರಿಯ ಎರಡು ರ‍್ಯಾಕೆಟ್ಟುಗಳ ತೂಕವೂ ಕೆಲವು ಗ್ರಾಂ ಹೆಚ್ಚುಕಡಿಮೆ ಇರುತ್ತದೆ. ಹಗುರವಾದದ್ದಕ್ಕೆ ಸೀಸದ ಪಟ್ಟಿ ಅಂಟಿಸಿ ಸರಿದೂಗಿಸಬಹುದು, ಭಾರವಾದದ್ದನ್ನು ಇಳಿಸುವುದು ಕಷ್ಟ.

ಮೊದಲು ಸವೆಯುವುದು ರಂಧ್ರಗಳೊಳಗಿನ ಪ್ಲಾಸ್ಟಿಕ್ ಗ್ರೋಮೆಟ್. ಅದು ಒಡೆದರೆ ಚೌಕಟ್ಟು ತಂತಿಯನ್ನು ಕೊಯ್ಯುತ್ತದೆ. ಆದ್ದರಿಂದ ರ‍್ಯಾಕೆಟ್ಟಿನ ಜೊತೆಗೇ ಬದಲಿ ಗ್ರೋಮೆಟ್ ಸೆಟ್ ಹುಡುಕಿಟ್ಟುಕೊಳ್ಳುವುದು ಜಾಣತನ. ಹಳೆಯ ಚೌಕಟ್ಟಿಗೆ ತಂತಿಯನ್ನು ತುಸು ಸಡಿಲವಾಗಿ ಬಿಗಿಸಬೇಕು. ಒಂದು ತಂತಿ ಹರಿದರೆ ಉಳಿದವನ್ನೂ ನಡುವಿನಿಂದ ಹೊರಕ್ಕೆ ಬೇಗ ಕತ್ತರಿಸಬೇಕು, ಇಲ್ಲವಾದರೆ ಒಂದೇ ಕಡೆಯ ಎಳೆತಕ್ಕೆ ಚೌಕಟ್ಟು ಸೊಟ್ಟಗಾಗಬಹುದು. ರ‍್ಯಾಕೆಟ್ಟನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಂತೂ ಬಿಡಲೇಬಾರದು.