ಅಪರಿಚಿತನಿಗೊಂದು ಕಾರ್ಡು

ಹವ್ಯಾಸಗಳಲ್ಲಿ ನೂರೆಂಟು ಬಗೆ. ಒಬ್ಬರು ಹಳೆಯ ನಾಣ್ಯಗಳನ್ನು ಕೂಡಿಸುತ್ತಾರೆ, ಒಬ್ಬರು ಅಂಚೆಚೀಟಿಗಳನ್ನು, ಮತ್ತೊಬ್ಬರು ಬೆಂಕಿಪೆಟ್ಟಿಗೆಯ ಚಿತ್ರಗಳನ್ನು. ಇವೆಲ್ಲ ಕೂಡಿಡುವ ಹವ್ಯಾಸಗಳು. ಕೊಟ್ಟು ಸುಖಪಡುವ ಹವ್ಯಾಸಗಳು ವಿರಳ. ಜಗತ್ತಿನ ಯಾವುದೋ ಮೂಲೆಯಲ್ಲಿರುವ, ಮುಖ ಕಾಣದ, ಹೆಸರು ಕೇಳದ ಮನುಷ್ಯನೊಬ್ಬನಿಗೆ ಚಿತ್ರದ ಕಾರ್ಡೊಂದನ್ನು ಕೊಂಡು, ಅದರ ಬೆನ್ನಿನ ಮೇಲೆ ನಾಲ್ಕು ಮಾತು ಬರೆದು, ಟಪಾಲು ಪೆಟ್ಟಿಗೆಗೆ ಹಾಕುವುದು ಅಂಥ ವಿರಳ ಹವ್ಯಾಸಗಳಲ್ಲೊಂದು. ವಿರಳವೆಂದದ್ದು ಅದರ ಗುಣವನ್ನು ಕುರಿತು, ಸಂಖ್ಯೆಯನ್ನು ಕುರಿತಲ್ಲ. ಏಕೆಂದರೆ ಇಂದು ಲಕ್ಷಾಂತರ ಜನ ಈ ಹವ್ಯಾಸದಲ್ಲಿ ತೊಡಗಿದ್ದಾರೆ.

“ಬಳಗದವರಿಗೇ ಕಾಗದ ಬರೆಯಲು ಪುರುಸೊತ್ತಿಲ್ಲ, ಇನ್ನು ಗುರುತಿಲ್ಲದವರಿಗೆ ಬರೆಯುವುದೆ?” ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವ ಮುನ್ನ ಕಾರ್ಡೆಂಬ ಈ ಅಂಗೈಯಗಲದ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಪಾವಾಣೆಯ ದೂತ

1869ರ ಜನವರಿಯಲ್ಲಿ ಆಸ್ಟ್ರಿಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಇಮಾನ್ಯುಯೆಲ್ ಹೆರ್ಮನ್ ಎಂಬವನು ವಿಯೆನ್ನಾದ ಪತ್ರಿಕೆಯೊಂದರಲ್ಲಿ ಲೇಖನವೊಂದನ್ನು ಬರೆದನು. ಎರಡು ಸಾಲಿನ ಸುದ್ದಿಗೂ ಲಕೋಟೆ, ಅರಗು, ಮರ್ಯಾದೆಯ ಒಕ್ಕಣೆಗಳೆಂದು ಕಾಲವನ್ನೂ ಹಣವನ್ನೂ ವ್ಯಯಿಸುವುದೇಕೆ, ತೆರೆದ ಹಾಳೆಯೊಂದೇ ಸಾಲದೆ, ಎಂಬುದು ಅವನ ವಾದ. ಸರಕಾರಕ್ಕೆ ಮಾತು ಒಪ್ಪಿತು. ಅದೇ ವರ್ಷ ಅಕ್ಟೋಬರ್ 1ರಂದು ಜಗತ್ತಿನ ಮೊದಲ ಸರಕಾರಿ ಕಾರ್ಡು ಆಸ್ಟ್ರಿಯ-ಹಂಗೇರಿಯಲ್ಲಿ ಮಾರಾಟಕ್ಕೆ ಬಂದಿತು. ಮೂರೇ ತಿಂಗಳಲ್ಲಿ ಮೂವತ್ತು ಲಕ್ಷಕ್ಕೆ ಸಮೀಪ ಖರ್ಚಾದವು. ಆ ನೆನಪಿಗಾಗಿಯೇ ಈಗ ಅಕ್ಟೋಬರ್ 1ನ್ನು ವಿಶ್ವ ಪೋಸ್ಟ್‌ಕಾರ್ಡ್ ದಿನವೆಂದು ಆಚರಿಸುತ್ತಾರೆ.

ನಮ್ಮ ದೇಶಕ್ಕೆ ಕಾರ್ಡು ಬಂದದ್ದು 1879ರ ಜುಲೈ 1ರಂದು. ಬೆಲೆ ಕಾಲು ಆಣೆ. ನಮ್ಮ ಕಡೆಯ ಮಾತಿನಲ್ಲಿ ಪಾವಾಣೆ. ಆಗ ಕಾಗದಕ್ಕೆ ಅರ್ಧ ಆಣೆ ತಗಲುತ್ತಿದ್ದುದರಿಂದ ಬಡವನ ಸಂದೇಶಕ್ಕೆ ಇದೊಂದು ದೊಡ್ಡ ಆಸರೆಯಾಯಿತು. ‘ಉಭಯಕುಶಲೋಪರಿ ಸಾಂಪ್ರತ’ ಎಂದು ಮೊದಲಾಗಿ ಮಳೆ, ಬೆಳೆ, ಹಡೆದದ್ದು, ಕಡಿಮೆಬಿದ್ದದ್ದು ಎಲ್ಲವೂ ಆ ಗೇಣಗಲದ ಹಾಳೆಯಲ್ಲಿ ಅಡಗುತ್ತಿದ್ದವು. ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದಿರುತ್ತಿತ್ತು; ಓದಿದೊಡನೆ ಅದನ್ನು ಹರಿದೊಗೆಯುತ್ತಿದ್ದರು. ಅಕ್ಷರ ಬಾರದ ಮನೆಗಳಲ್ಲಿ ಕಾರ್ಡು ತಂದ ಟಪಾಲಿನವನೇ ಅದನ್ನು ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟು ಹೋಗುತ್ತಿದ್ದನು.

ಚಿತ್ರದ ಕಾರ್ಡು ಬಂದದ್ದು ಆಮೇಲೆ. ಮೊದಮೊದಲು ಕಾರ್ಡಿನ ಒಂದು ಬದಿ ವಿಳಾಸಕ್ಕೇ ಮೀಸಲಾಗಿತ್ತು. ಮಾತು ಬರೆಯಬೇಕಾದರೆ ಚಿತ್ರದ ಅಂಚಿನಲ್ಲಿಯೇ ಬರೆಯಬೇಕಾಗುತ್ತಿತ್ತು. 1902ರಲ್ಲಿ ಬ್ರಿಟನ್ ವಿಳಾಸದ ಬದಿಯನ್ನು ನಡುಗೆರೆ ಎಳೆದು ಇಬ್ಭಾಗ ಮಾಡಿ ಎಡಕ್ಕೆ ಮಾತು, ಬಲಕ್ಕೆ ವಿಳಾಸ ಎಂದು ಅನುಮತಿ ಕೊಟ್ಟಿತು. ಉಳಿದ ದೇಶಗಳೂ ಅದೇ ಹಾದಿ ಹಿಡಿದವು. ಅಂದಿನಿಂದ ಕಾರ್ಡಿನ ಮುಖವಿಡೀ ಚಿತ್ರಕ್ಕೆ ದೊರೆಯಿತು.

ಅರವಟ್ಟಿಗೆಯ ಧರ್ಮ

ಇನ್ನು ಪ್ರಸ್ತುತ ಹವ್ಯಾಸಕ್ಕೆ ಬರೋಣ. 2005ರ ಜುಲೈ 14ರಂದು ಪೋರ್ಚುಗಲ್ ದೇಶದ ಪಾವ್ಲೊ ಮಗಲ್ಯಾಯ್ಶ್ ಎಂಬ ವಿದ್ಯಾರ್ಥಿ ‘ಪೋಸ್ಟ್‌ಕ್ರಾಸಿಂಗ್’ ಎಂಬ ಏರ್ಪಾಟನ್ನು ಆರಂಭಿಸಿದನು. ಮನೆಯ ಬಟ್ಟೆಯ ಕಪಾಟಿನಲ್ಲಿಟ್ಟ ಹಳೆಯ ಗಣಕಯಂತ್ರವೊಂದೇ ಅವನ ಬಂಡವಾಳ. ಕಾರ್ಡು ಬರೆಯುವ ಆಸೆಯಿದ್ದವರು ಜಗತ್ತಿನಲ್ಲಿ ಬೇರೆಯವರೂ ಇರಬೇಕು, ಅವರ ವಿಳಾಸ ದೊರೆಯುವುದು ಹೇಗೆ, ಎಂಬುದೇ ಅವನ ಚಿಂತೆಯಾಗಿತ್ತು. ಹೀಗೆ ತೊಡಗಿದ್ದು ಬೆಳೆದು ಇಂದು ಇನ್ನೂರಕ್ಕೂ ಮಿಕ್ಕ ದೇಶ-ಪ್ರದೇಶಗಳನ್ನು ಮುಟ್ಟಿದೆ; ಈ ಮಾರ್ಗದಿಂದ ತಲಪಿದ ಕಾರ್ಡುಗಳ ಲೆಕ್ಕ 7 ಕೋಟಿಯನ್ನು ಮೀರಿದೆ. 2011ರಲ್ಲಿ ನೆದರ್ಲೆಂಡ್ಸ್ ದೇಶದ ಅಂಚೆಯವರು ಈ ಹವ್ಯಾಸದ ಹೆಸರಿನಲ್ಲಿಯೇ ಅಂಚೆಚೀಟಿ ಹೊರಡಿಸಿದರು.

ಇದರ ನಡೆ ಸರಳ. ಹೆಸರು ನೋಂದಿಸಿದವರು ವಿಳಾಸವೊಂದನ್ನು ಬೇಡುತ್ತಾರೆ. ಯಾರದೋ ವಿಳಾಸ, ಜೊತೆಗೊಂದು ಗುರುತಿನ ಸಂಖ್ಯೆ ಬರುತ್ತದೆ. ಕಾರ್ಡಿನ ಮೇಲೆ ಆ ಸಂಖ್ಯೆಯನ್ನು ಬರೆದು ಕಳಿಸಬೇಕು. ಕಾರ್ಡು ಮುಟ್ಟಿದವರು ಆ ಸಂಖ್ಯೆಯನ್ನು ದಾಖಲಿಸಿದ ಕೂಡಲೆ ಕಳಿಸಿದವರ ವಿಳಾಸ ಬೇರೊಬ್ಬ ಅಪರಿಚಿತನ ಕೈ ಸೇರುತ್ತದೆ. ಅವನಿಂದ ಇವರಿಗೊಂದು ಕಾರ್ಡು ಬರುತ್ತದೆ. ಹೊಸಬರು ಮೊದಲಿಗೆ ಏಕಕಾಲಕ್ಕೆ ಐದು ಕಾರ್ಡುಗಳನ್ನು ಮಾತ್ರ ಕಳಿಸಬಹುದು; ಅನುಭವ ಹೆಚ್ಚಿದಂತೆ ಸಂಖ್ಯೆಯೂ ಹೆಚ್ಚುತ್ತದೆ.

ಇಲ್ಲಿಯ ಸ್ವಾರಸ್ಯವನ್ನು ಗಮನಿಸಬೇಕು. ನೀವು ಯಾರಿಗೆ ಬರೆದಿರೋ ಅವರು ನಿಮಗೆ ಬರೆಯುವುದಿಲ್ಲ. ನಿಮಗೆ ಬರೆದವರಿಗೆ ನೀವು ಬರೆದಿರುವುದಿಲ್ಲ. ಇದು ಮದುವೆಯಲ್ಲಿ ಓದಿಸಿ ಮರಳಿ ಪಡೆಯುವ ಮುಯ್ಯಿಯಲ್ಲ, ಹೊಲದ ಕೆಲಸದ ಮುಯ್ಯಾಳೂ ಅಲ್ಲ. ನಮ್ಮ ಹಿರಿಯರು ಬೇಸಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆಯನ್ನು ಇಡುತ್ತಿದ್ದರು. ನೀರು ಕುಡಿದ ದಾರಿಕಾರನು ನೀರಿಟ್ಟವನ ಋಣವನ್ನು ತೀರಿಸಲು ಹಿಂದಿರುಗಿ ಬರುತ್ತಿರಲಿಲ್ಲ. ಆದರೆ ನೀರಿಟ್ಟವನೂ ಎಂದಾದರೊಮ್ಮೆ ದೂರದ ಹಾದಿಯಲ್ಲಿ ಮತ್ತಾರದೋ ಅರವಟ್ಟಿಗೆಯ ಮುಂದೆ ಬೊಗಸೆಯೊಡ್ಡಿ ನಿಲ್ಲುತ್ತಿದ್ದನು. ಕಾರ್ಡಿನ ಹವ್ಯಾಸ ಈ ಧರ್ಮಕ್ಕೆ ಸೇರಿದ್ದು.

ಆಶ್ಚರ್ಯದ ಸಂಗತಿಯೆಂದರೆ, ಲೋಕದ ಟಪಾಲು ವ್ಯವಸ್ಥೆಯೂ ಹೆಚ್ಚುಕಡಿಮೆ ಇಂಥ ನಂಬಿಕೆಯ ಮೇಲೆಯೇ ನಿಂತಿತ್ತು. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಅಂಚೆಯ ಒಕ್ಕೂಟವನ್ನು ಕಟ್ಟಿದವು. ಭಾರತ 1876ರಲ್ಲಿ ಸೇರಿತು. ಚೀಟಿಯ ಹಣ ಕಳಿಸಿದ ದೇಶಕ್ಕೇ ಇರಲಿ, ಮುಟ್ಟಿಸುವ ದೇಶ ಏನನ್ನೂ ಕೇಳಕೂಡದು ಎಂಬುದು ಅವರ ಕರಾರು. ಕಾರಣ, ಪ್ರತಿಯೊಂದು ಪತ್ರಕ್ಕೂ ಉತ್ತರ ಬಂದೇ ಬರುತ್ತದೆ, ಲೆಕ್ಕ ತಾನಾಗಿ ಸರಿಹೋಗುತ್ತದೆ ಎಂಬ ಭಾವನೆ. ಸುಮಾರು ಒಂದು ಶತಮಾನದವರೆಗೆ ಇದೇ ನಡೆಯಿತು. ಬರುವ ಟಪಾಲು ಕೆಲವು ದೇಶಗಳಿಗೆ ಹೊರೆಯಾದ ಕಾರಣ 1969ರ ಟೋಕಿಯೊ ಸಮ್ಮೇಳನದಲ್ಲಿ ಮುಟ್ಟಿಸುವ ಕೂಲಿಯನ್ನು ಗೊತ್ತುಮಾಡಿದರು.

ಚಚಡಿಯ ವಿಳಾಸ

ಈಗ ಸವದತ್ತಿ ತಾಲೂಕಿನ ಚಚಡಿಯಂಥ ಊರಿನಲ್ಲಿ ಕುಳಿತು ಒಬ್ಬ ಹುಡುಗಿ ಫಿನ್ಲೆಂಡಿಗೆ ಕಾರ್ಡು ಬರೆಯಲು ಹೊರಟಳೆಂದು ಭಾವಿಸೋಣ. ಅವಳಿಗೆ ಎದುರಾಗುವ ಮೊದಲ ಪಾಠ ತನ್ನ ವಿಳಾಸವೇ. ಅವಳ ಮುತ್ತಜ್ಜನ ಕಾಲದಲ್ಲಿ ತಾಲೂಕಿಗೆ ಪರಸಗಡವೆಂದು ಹೆಸರು, ರಾಜ್ಯ ಮುಂಬಯಿ. 1956ರ ನವೆಂಬರ್ 1ರಂದು ಏಕೀಕರಣವಾಗಿ ಊರು ಮೈಸೂರು ರಾಜ್ಯಕ್ಕೆ ಸೇರಿತು. 1972ರ ಆಗಸ್ಟ್ 15ರಂದು ಪಿನ್ ಸಂಖ್ಯೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 2014ರಲ್ಲಿ ಇಂಗ್ಲಿಷಿನ ಬೆಲ್ಗಾಮ್ ಹೋಗಿ ಬೆಳಗಾವಿಯೆಂಬ ಸ್ವಂತದ ಹೆಸರು ಕಾಗದಪತ್ರಗಳಲ್ಲಿ ನೆಲಸಿತು. ಊರು ಕದಲಲಿಲ್ಲ; ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು. ಪಿನ್ನಿನ ಆರು ಅಂಕಿಗಳಲ್ಲಿಯೂ ಭೂಗೋಳವಿದೆ: ಮೊದಲಿನ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ, ಮೊದಲ ಮೂರು ಅಂಕಿ ಕೂಡಿ ಟಪಾಲು ಬೇರ್ಪಡಿಸುವ ಜಿಲ್ಲೆ, ಕೊನೆಯ ಮೂರು ಹಂಚುವ ಕಚೇರಿ. ‘ಟಪಾಲು’ ಎಂಬ ಮಾತೂ ಈ ಸೀಮೆಯದೇ. ಮೈಸೂರು ಕಡೆಯವರದು ‘ಅಂಚೆ’. ಆ ಸಂಸ್ಥಾನಕ್ಕೆ ಅಂಚೆಯೆಂಬ ಸ್ವಂತ ವ್ಯವಸ್ಥೆಯೇ ಇದ್ದು 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಲೀನವಾಯಿತು.

ಎರಡನೆಯ ಪಾಠ ಇನ್ನೂ ಕಠಿನ. ಏನನ್ನು ಬರೆಯುವುದು? ತಾಜಮಹಲಿನ ಚಿತ್ರದ ಕಾರ್ಡು ಎಲ್ಲಿಯಾದರೂ ದೊರೆತೀತು. ಆದರೆ ಫಿನ್ಲೆಂಡಿನವರಿಗೆ ತಾಜಮಹಲು ಆಗಲೇ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಈ ಎರೆಯ ನೆಲ. ಮಳೆಗಾಲದಲ್ಲಿ ಕಾಲಿಗಂಟಿ ಬಿಡದ, ಬೇಸಗೆಯಲ್ಲಿ ಬಾಯಿಬಿಟ್ಟು ಸೀಳುವ ಕರಿಮಣ್ಣು; ಅದರಲ್ಲಿ ಚಳಿಗಾಲದ ಇಬ್ಬನಿಯನ್ನೇ ನೆಚ್ಚಿ ಬೆಳೆಯುವ ಬಿಳಿಜೋಳ; ಎಳೆಯ ತೆನೆಯನ್ನು ಸುಟ್ಟು ತಿಕ್ಕಿ ಬೆಲ್ಲದೊಡನೆ ತಿನ್ನುವ ಸೀತನಿ; ಹೊಲಕ್ಕೆ ಬುತ್ತಿ ಹೊತ್ತು ಭೂತಾಯಿಗೆ ಚರಗ ಚೆಲ್ಲುವ ಹಬ್ಬ; ಭರತ ಹುಣ್ಣಿವೆಗೆ ಯಲ್ಲಮ್ಮನ ಗುಡ್ಡದ ಕಡೆಗೆ ಸಾಲುಗಟ್ಟುವ ಚಕ್ಕಡಿಗಳು; ಮಲಪ್ರಭೆ ಗುಡ್ಡವನ್ನು ಸೀಳಿ ಹಾಯುವ ನವಿಲುತೀರ್ಥ; ಸೋಮೇಶ್ವರನ ಗುಡಿಯ ಬಳಿ ಧುಮುಕುವ ಸೊಗಲದ ನೀರು. ಇವುಗಳಲ್ಲಿ ಒಂದನ್ನು ಕುರಿತು ಐದು ವಾಕ್ಯ ಬರೆಯಲು ಹೊರಟಾಗ ನಮ್ಮ ಊರನ್ನು ನಾವೆಷ್ಟು ನೋಡಿದ್ದೇವೆಂಬುದು ಗೊತ್ತಾಗುತ್ತದೆ. ಸೀತನಿ ಎಂದರೇನೆಂದು ಅದನ್ನು ಕಾಣದವನಿಗೆ ತಿಳಿಯುವಂತೆ ಬರೆಯುವುದು ಪರೀಕ್ಷೆಯ ಪ್ರಬಂಧಕ್ಕಿಂತ ಬಿಗಿಯಾದ ಕೆಲಸ. ಕನ್ನಡ ಕಲಿಸುವವನಾಗಿ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಇಂಥ ಊರುಗಳ ಚಿತ್ರದ ಕಾರ್ಡುಗಳನ್ನು ಅಂಗಡಿಯಲ್ಲಿ ಹುಡುಕುವುದಕ್ಕಿಂತ ಮಾಡಿಕೊಳ್ಳುವುದೇ ಮೇಲು. ಉದ್ದ 14, ಅಗಲ 9 ಸೆಂಟಿಮೀಟರಿಗೆ ಕಡಿಮೆಯಾಗದ ದಪ್ಪ ರಟ್ಟು, ಅದರ ಮೇಲೆ ಕೈಯಿಂದ ಬರೆದ ಚಿತ್ರ ಅಥವಾ ಸ್ವತಃ ತೆಗೆದ ಭಾವಚಿತ್ರ ಇಷ್ಟಿದ್ದರೆ ಸಾಕು. ಕಿತ್ತೂರಿನ ಕೋಟೆಯ ಮುರಿದ ಗೋಡೆಯನ್ನು ಬರೆದು, 1824ರಲ್ಲಿ ಇಲ್ಲಿ ರಾಣಿಯೊಬ್ಬಳು ಕಂಪನಿ ಸರಕಾರದೊಡನೆ ಹೋರಾಡಿದಳೆಂದೂ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳೆಂದೂ ಎರಡು ಸಾಲು ಸೇರಿಸಿದರೆ ಅದೊಂದು ಚರಿತ್ರೆಯ ಪಾಠ. ಈ ಚೆನ್ನಮ್ಮನ ಚಿತ್ರದ ಅಂಚೆಚೀಟಿಯೂ 1977ರಲ್ಲಿ ಹೊರಟಿತ್ತು. ವಿಳಾಸ ರೋಮನ್ ಲಿಪಿಯಲ್ಲಿ ಸ್ಪಷ್ಟವಾಗಿರಬೇಕು, ದೇಶದ ಹೆಸರು ಕೊನೆಯ ಸಾಲಿನಲ್ಲಿ ದೊಡ್ಡಕ್ಷರಗಳಲ್ಲಿ ಇರಬೇಕು. ಆದರೆ ಒಕ್ಕಣೆಯ ಕೆಳಗೆ ಒಂದು ಸಾಲು ಕನ್ನಡವಿರಲಿ. ನಮ್ಮ ದುಂಡನೆಯ ಅಕ್ಷರಗಳನ್ನು ಮೊದಲ ಸಲ ಕಾಣುವವನಿಗೆ ಅದೇ ಒಂದು ಚಿತ್ರ.

ಕೆಲವು ಎಚ್ಚರಿಕೆಗಳೂ ಉಂಟು. ಕಾರ್ಡು ತೆರೆದ ಮಾತು. ದಾರಿಯಲ್ಲಿ ಹತ್ತು ಜನ ಓದಬಹುದು. ಮನೆಯ ಗುಟ್ಟನ್ನಾಗಲಿ, ಹಣದ ಮಾತನ್ನಾಗಲಿ ಬರೆಯಕೂಡದು. ಮಕ್ಕಳು ತಂದೆತಾಯಿಯರ ತಿಳಿವಳಿಕೆಯಲ್ಲಿಯೇ ಇದರಲ್ಲಿ ತೊಡಗಬೇಕು. ತಾಳ್ಮೆಯೂ ಬೇಕು: ಕಾರ್ಡು ಮುಟ್ಟಲು ವಾರಗಳು ಹಿಡಿಯುತ್ತವೆ, ಕೆಲವು ಮುಟ್ಟುವುದೇ ಇಲ್ಲ. 2020ರಲ್ಲಿ ಕೊರೋನಾದಿಂದ ವಿಮಾನಗಳು ನಿಂತಾಗ ದೇಶದೇಶಗಳ ನಡುವಿನ ಟಪಾಲೇ ತಡೆದು ನಿಂತಿತ್ತು.

ಉಳಿಯುವುದೆ?

ಈ ಹವ್ಯಾಸದ ಹಿಂದೆ ಒಂದು ಆತಂಕವೂ ಇದೆ. 1624ರಲ್ಲಿ ಅಂಚೆ ಆರಂಭಿಸಿದ ಡೆನ್ಮಾರ್ಕ್ ದೇಶದಲ್ಲಿ ಸರಕಾರಿ ಅಂಚೆಸಂಸ್ಥೆಯು 2025ರ ಕೊನೆಯಿಂದ ಪತ್ರ ಹಂಚುವ ಕೆಲಸವನ್ನು ಬಿಟ್ಟುಕೊಡುವುದಾಗಿ ಆ ವರ್ಷದ ಮಾರ್ಚಿನಲ್ಲಿ ಸಾರಿತು. 2000ದಿಂದೀಚೆಗೆ ಅಲ್ಲಿಯ ಪತ್ರಗಳು ನೂರಕ್ಕೆ ತೊಂಬತ್ತರಷ್ಟು ಇಳಿದಿದ್ದವು. ನಮ್ಮಲ್ಲಿ ತಂತಿ 2013ರ ಜುಲೈಯಲ್ಲಿಯೇ ನಿಂತಿತು. ಆದರೆ ಭಾರತದಲ್ಲಿ ಇಂದಿಗೂ ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆಕಚೇರಿಗಳಿವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲಿ. ಐವತ್ತು ಪೈಸೆಯ ಕಾರ್ಡನ್ನು ಮುಟ್ಟಿಸಲು ಇಲಾಖೆಗೆ ಅದರ ಹತ್ತುಪಾಲಿಗೂ ಮಿಗಿಲಾಗಿ ಖರ್ಚು ಬೀಳುತ್ತದೆ. ಈ ನಷ್ಟವನ್ನು ಸಹಿಸುವುದು ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಉತ್ತರ ನಾವು ಬರೆಯುವುದನ್ನೂ ಅವಲಂಬಿಸಿದೆ. ಬರೆಯುವವರಿಲ್ಲದೆ ಪೆಟ್ಟಿಗೆ ಉಳಿಯಲಾರದು.

ಇನ್ನು ಮೊದಲಿನ ಪ್ರಶ್ನೆ. ಬಳಗವನ್ನು ಬಿಟ್ಟು ಅಪರಿಚಿತರಿಗೆ ಬರೆಯುವುದು ಸರಿಯೆ? ಬಳಗದವರೊಡನೆ ನಾವು ದಿನವೂ ದೂರವಾಣಿಯಲ್ಲಿ ಮಾತಾಡುತ್ತೇವೆ. ಮಾತು ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಪರಿಚಿತನಿಗೆ ಬರೆಯುವಾಗ ಅಕ್ಷರ ದುಂಡಗಿರಬೇಕು, ಮಾತು ತೂಕದ್ದಾಗಿರಬೇಕು, ಸತ್ಯವಾಗಿರಬೇಕು, ಜಾಗ ಮೀರಬಾರದು. ಈ ಅಭ್ಯಾಸ ಕೈಗೆ ಹತ್ತಿದವನು ತನ್ನ ತಾಯಿಗೆ, ಅಕ್ಕನಿಗೆ, ಹಳೆಯ ಗುರುವಿಗೆ ಕೂಡ ಒಂದು ಕಾರ್ಡು ಬರೆಯದೆ ಇರಲಾರನು. ಗುರುತಿಲ್ಲದವರಿಗೆ ಹಾಕಿದ ಕಾರ್ಡು ಗುರುತಿನವರನ್ನು ಮರೆಸುವುದಿಲ್ಲ, ನೆನಪಿಸುತ್ತದೆ. ಮುಂದಿನ ರವಿವಾರ ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಎರಡು ಕಾರ್ಡುಗಳನ್ನು ಬರೆದು ನೋಡಿರಿ: ಒಂದು ಎಂದೂ ಕಾಣದವರಿಗೆ, ಒಂದು ಬಹಳ ದಿನದಿಂದ ಕಾಣದವರಿಗೆ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿರಿ.