ಶರದೃತುವಿನಲ್ಲಿ ಬೆಂಕಿಯ ಎಚ್ಚರ



ಆಶ್ವಯುಜ ಮತ್ತು ಕಾರ್ತಿಕ ಶರದೃತುವಿನ ಮಾಸಗಳು. ಮಳೆಗಾಲದಲ್ಲಿ ದೇಹದೊಳಗೆ ಸಂಚಯವಾದ ಪಿತ್ತವು ಈ ಋತುವಿನ ಬಿಸಿಲಿಗೆ ಪ್ರಕೋಪಗೊಳ್ಳುತ್ತದೆಂದು ಆಯುರ್ವೇದವು ಹೇಳುತ್ತದೆ. ದೇಹದ ಈ ಸ್ಥಿತಿಯನ್ನು ನಮ್ಮ ಮನೆಗಳಲ್ಲಿಯೂ ಕಾಣಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮಳೆ ಬಿಡುವು ಕೊಟ್ಟೊಡನೆ ಕಬ್ಬಿನ ತರಗು ಒಣಗುತ್ತದೆ. ಆಲೆಮನೆಯ ಅಂಗಳದಲ್ಲಿ ಸಿಪ್ಪೆಯ ರಾಶಿ ಬೆಳೆಯುತ್ತದೆ. ಹಿತ್ತಿಲಿನಲ್ಲಿ ಹುಲ್ಲಿನ ಮೆದೆ ಇದ್ದೇ ಇರುತ್ತದೆ. ದೀಪಾವಳಿ ಮತ್ತು ಕಾರ್ತಿಕದ ದೀಪಗಳು ಬರುವುದೂ ಆಗಲೇ. ಸಂಚಯವಾದುದಕ್ಕೆ ಕಿಡಿ ತಾಗದಂತೆ ಕಾಯುವುದೇ ಈ ಋತುವಿನ ಮನೆಯ ಪಥ್ಯ.

ನಮ್ಮ ಚಿಕಿತ್ಸಾಲಯಕ್ಕೆ ಬಂದ ಸುಟ್ಟಗಾಯದವರನ್ನು ವಿಚಾರಿಸಿದಾಗಲೆಲ್ಲ ಬಹುಪಾಲು ಒಂದೇ ಉತ್ತರ ದೊರೆತಿದೆ: "ಒಂದು ಗಳಿಗೆ ಆಚೆಗೆ ಹೋಗಿದ್ದೆವು." ಕಾವಲಿಲ್ಲದ ಬೆಂಕಿಯೇ ಅಪಾಯದ ಮೂಲ. ಪೂಜೆಯ ದೀಪವನ್ನು ಪರದೆ, ಕಾಗದದ ಅಲಂಕಾರಗಳಿಂದ ದೂರದಲ್ಲಿ, ಅಗಲವಾದ ತಟ್ಟೆಯ ಮೇಲಿಡಬೇಕು. ಮನೆಯವರೆಲ್ಲ ಹೊರಗೆ ಹೋಗುವಾಗ ಅಥವಾ ಮಲಗುವಾಗ ದೀಪವನ್ನು ಶಾಂತಗೊಳಿಸುವುದು ಅಪಚಾರವಲ್ಲ. ಹೊಸಿಲಿನ ದೀಪವನ್ನು ದಾಟುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಹತ್ತಿಯ ಬಟ್ಟೆಯೇ ಲೇಸು. ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಸೊಳ್ಳೆಗಾಗಿ ಕೊಟ್ಟಿಗೆಯಲ್ಲಿ ಹೊಗೆ ಹಾಕುವವರು ಕೆಂಡದ ಮಡಕೆಯನ್ನು ಹುಲ್ಲಿನಿಂದ ದೂರವಿಟ್ಟು, ಮಲಗುವ ಮುನ್ನ ನೀರು ಸುರಿದು ಆರಿಸಬೇಕು. ಮೆದೆಯನ್ನು ಮನೆಯ ಗೋಡೆಗೆ ಒತ್ತಿ ಒಟ್ಟಬಾರದು. ಗದ್ದೆಯ ತರಗಿಗೆ ಬೆಂಕಿಯಿಡುವ ಬದಲು ಅದನ್ನು ಸಾಲುಗಳ ನಡುವೆ ಹೊದಿಸಿದರೆ ಭೂಮಿಗೂ ಹಿತ.

ಕಜ್ಜಾಯ ಕರಿಯುವಾಗ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಒಲೆಯನ್ನು ಆರಿಸಿ, ಬಾಣಲೆಯನ್ನು ಮುಚ್ಚಳದಿಂದ ಮುಚ್ಚಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ವಿದ್ಯುತ್ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಒಂದೇ ಪ್ಲಗ್ಗಿಗೆ ಹಲವು ದೀಪದ ಸರಗಳನ್ನು ಜೋಡಿಸಬಾರದು.

ಪಟಾಕಿಯನ್ನು ಮನೆಯಲ್ಲಿ ಕೂಡಿಡುವುದು ಬೇಡ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬಿದ್ದ ಬೆಂಕಿಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಲಾಗದು.

ಮನೆಗೆ ಬೆಂಕಿ ಹತ್ತಿದರೆ ವಸ್ತುಗಳನ್ನು ಬಿಟ್ಟು ಜನರನ್ನು ಹೊರತರಬೇಕು. 101 ಅಥವಾ 112ಕ್ಕೆ ಕರೆ ಮಾಡಬೇಕು. ಹೊಗೆಯಿದ್ದರೆ ಬಾಗಿ ತೆವಳಿ ಸಾಗಬೇಕು. ಬಟ್ಟೆಗೆ ಬೆಂಕಿ ತಾಗಿದವರು ಓಡಬಾರದು. ನೆಲದ ಮೇಲೆ ಹೊರಳಬೇಕು, ಹತ್ತಿರವಿದ್ದವರು ಕಂಬಳಿ ಹೊದಿಸಿ ಬೆಂಕಿಯನ್ನು ಅದುಮಬೇಕು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಸುಟ್ಟಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಹೊಗೆಯಿಂದ ಪೀಡಿತರಾದವರ ಲಕ್ಷಣಗಳನ್ನೂ ಹೇಳುತ್ತದೆ. ಹೊಗೆ ಕುಡಿದವರನ್ನು, ಮೈಮೇಲೆ ಗಾಯವಿಲ್ಲದಿದ್ದರೂ, ವೈದ್ಯರಿಗೆ ತೋರಿಸಲೇಬೇಕು.

ಕೊನೆಯದಾಗಿ ಆಯುರ್ವೇದ ವೈದ್ಯರಾಗಿಯೇ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಸುಟ್ಟೊಡನೆ ತುಪ್ಪ, ಎಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟ್, ಅರಿಶಿನ ಯಾವುದನ್ನೂ ಹಚ್ಚಬೇಡಿರಿ. ಜಿಡ್ಡು ಬಿಸಿಯನ್ನು ಒಳಗೇ ತಡೆದಿಡುತ್ತದೆ. ಔಷಧೀಯ ಘೃತಗಳಿಗೆ ಗಾಯ ಮಾಯುವ ಹಂತದಲ್ಲಿ ಸ್ಥಾನವುಂಟು. ಅದನ್ನು ವೈದ್ಯರು ನಿರ್ಧರಿಸುವರು. ಮೊದಲು ಬೇಕಾದುದು ಹರಿಯುವ ತಣ್ಣೀರು, ಇಪ್ಪತ್ತು ನಿಮಿಷಗಳ ಕಾಲ. ಮಂಜುಗಡ್ಡೆ ಬೇಡ. ಊತ ಬರುವ ಮುನ್ನ ಬಳೆ, ಉಂಗುರಗಳನ್ನು ತೆಗೆಯಬೇಕು. ಗುಳ್ಳೆಯನ್ನು ಒಡೆಯದೆ, ಶುಭ್ರವಾದ ಹತ್ತಿಯ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಮುಖ, ಕೈ, ಗುಪ್ತಾಂಗಗಳಲ್ಲಿ ಸುಟ್ಟಿದ್ದರೆ, ಅಥವಾ ಸುಟ್ಟವರು ಮಕ್ಕಳು, ವೃದ್ಧರು, ಗರ್ಭಿಣಿಯರಾಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಈ ಕಾರ್ತಿಕದಲ್ಲಿ ದೀಪ ಹಚ್ಚುವ ಮೊದಲು ಅದನ್ನು ಕಾಯುವವರು ಯಾರೆಂಬುದನ್ನು ಮನೆಯವರು ನಿಶ್ಚಯಿಸಿಕೊಳ್ಳಲಿ. ಎಲ್ಲರ ಮನೆಗಳೂ ಕ್ಷೇಮವಾಗಿರಲಿ.