ಸರೋವರಕ್ಕೆ ಬಿದ್ದದ್ದೇ ಉಳಿಯಿತು: ಹಳೆ ಫೋಟೋಗಳಲ್ಲಿ ನೌಕಾ ವಿಮಾನಗಳನ್ನು ಹುಡುಕುತ್ತಾ

ಈ ಸಂಚಿಕೆಯ ವಿಷಯ ವಿಮಾನಗಳು. ಎಲ್ಲಾ ವಿಮಾನಗಳಲ್ಲ, ಹಡಗಿನ ಮೇಲಿಂದ ಹಾರುತ್ತಿದ್ದ ನೌಕಾಪಡೆಯ ವಿಮಾನಗಳು. ಅದರಲ್ಲೂ ಎರಡನೇ ಮಹಾಯುದ್ಧ ಕಾಲದ ಅಮೆರಿಕದವು. ಇವುಗಳದ್ದೇ ಯಾಕೆ ಅಂದ್ರೆ, ಫೋಟೋ ರಾಶಿ ರಾಶಿ ಸಿಗುತ್ತೆ, ವಿಮಾನ ಮಾತ್ರ ಸಿಗಲ್ಲ.

ಡಗ್ಲಸ್ ಕಂಪನಿಯ ಟಿಬಿಡಿ ಡಿವಾಸ್ಟೇಟರ್ ತಗೊಳ್ಳಿ. 1937ರಲ್ಲಿ ಸೇವೆಗೆ ಸೇರಿದಾಗ ಇದು ಅಮೆರಿಕ ನೌಕಾಪಡೆಯ ಅತ್ಯಾಧುನಿಕ ಟಾರ್ಪಿಡೊ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಇದ್ದ ಕಾಲ ಮುಗಿದು, ಒಂದೇ ಜೊತೆಯ ಲೋಹದ ರೆಕ್ಕೆ ಬಂದಿತ್ತು. ಹಡಗಿನಲ್ಲಿ ಜಾಗ ಉಳಿಸೋಕೆ ಆ ರೆಕ್ಕೆ ಹೈಡ್ರಾಲಿಕ್ ಶಕ್ತಿಯಿಂದ ತಾನೇ ಮಡಚಿಕೊಳ್ತಿತ್ತು. ಒಟ್ಟು ತಯಾರಾದದ್ದು 130. ಇವತ್ತು ಜಗತ್ತಿನ ಯಾವ ಮ್ಯೂಸಿಯಂಗೆ ಹೋದರೂ ಒಂದೇ ಒಂದು ಇಡೀ ಡಿವಾಸ್ಟೇಟರ್ ನೋಡೋಕೆ ಸಿಗಲ್ಲ.

ಎಲ್ಲಿ ಹೋದವು? 1942ರ ಜೂನ್ 4ರಂದು, ಮಿಡ್ವೇ ಕದನದಲ್ಲಿ, ಹಾರ್ನೆಟ್ ಹಡಗಿನಿಂದ ಹೊರಟ 15 ಡಿವಾಸ್ಟೇಟರ್‌ಗಳಲ್ಲಿ ಹದಿನೈದೂ ನಾಶವಾದವು. ಅದರಲ್ಲಿದ್ದ 30 ಜನರಲ್ಲಿ ಬದುಕಿದ್ದು ಒಬ್ಬರೇ, ಜಾರ್ಜ್ ಗೇ. ಅದಾದ ಮೇಲೆ ಅಳಿದುಳಿದ ವಿಮಾನಗಳನ್ನು ಯುದ್ಧದಿಂದ ಹಿಂದಕ್ಕೆ ಕರೆಸಿಕೊಂಡು, ತರಬೇತಿಗೆ ಬಳಸಿ, ಆಮೇಲೆ ಗುಜರಿಗೆ ಹಾಕಿದರು. ನಾನು ಬಿ.ಕಾಂ. ಓದಿದವಳು, ನನಗೆ ಇದು ಸವಕಳಿ ಲೆಕ್ಕದ ಪಾಠದ ಹಾಗೇ ಕಾಣುತ್ತೆ. ಆಸ್ತಿಯ ಆಯಸ್ಸು ಮುಗಿಯಿತು, ಪುಸ್ತಕದಿಂದ ತೆಗೆದರು, ಅಲ್ಯೂಮಿನಿಯಂ ಕರಗಿಸಿದರು. ಆ ಹೊತ್ತಿಗೆ ಅದು ತಪ್ಪೇನಲ್ಲ. ಯುದ್ಧದ ನಡುವೆ 'ಒಂದನ್ನು ನೆನಪಿಗೆ ಇಟ್ಕೊಳ್ಳೋಣ' ಅಂತ ಯಾರು ಯೋಚಿಸ್ತಾರೆ?

ಹಾಗಾಗಿ ಈಗ ಉಳಿದಿರೋದು ಫೋಟೋ. ಆದ್ರೆ ಹಳೆ ಫೋಟೋ ಅಂದ್ರೆ ಬರೀ ನೆನಪಲ್ಲ. ಓದೋಕೆ ಬಂದ್ರೆ ಅದೊಂದು ದಾಖಲೆ.

ಮೊದಲು ಬಣ್ಣ. ಯುದ್ಧಕ್ಕೆ ಮುಂಚೆ ಅಮೆರಿಕದ ನೌಕಾ ವಿಮಾನಗಳ ರೆಕ್ಕೆಯ ಮೇಲ್ಭಾಗ ಗಾಢ ಹಳದಿ. ಸಮುದ್ರಕ್ಕೆ ಬಿದ್ದರೆ ಹುಡುಕೋಕೆ ಸುಲಭ ಆಗಲಿ ಅಂತ. ಬಾಲದ ಬಣ್ಣ ಯಾವ ಹಡಗಿನದು ಅಂತ ಹೇಳ್ತಿತ್ತು: ಎಂಟರ್‌ಪ್ರೈಸ್‌ಗೆ ನೀಲಿ, ಯಾರ್ಕ್‌ಟೌನ್‌ಗೆ ಕೆಂಪು, ಸರಟೋಗಾಗೆ ಬಿಳಿ, ಲೆಕ್ಸಿಂಗ್ಟನ್‌ಗೆ ಹಳದಿ. 'ಕಪ್ಪು-ಬಿಳುಪು ಫೋಟೋದಲ್ಲಿ ಬಣ್ಣ ಎಲ್ಲಿ ಕಾಣುತ್ತೆ' ಅಂತ ನೀವು ಕೇಳಬಹುದು. ಕಾಣಲ್ಲ. ಅಷ್ಟೇ ಅಲ್ಲ, ಮೋಸ ಕೂಡ ಮಾಡುತ್ತೆ. ಆಗ ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮ್‌ಗೆ ಕೆಂಪು ಬೆಳಕು ಗೊತ್ತಾಗ್ತಿರಲಿಲ್ಲ. ಅದರಲ್ಲಿ ತೆಗೆದರೆ ಕೆಂಪು ಕಪ್ಪಾಗಿ ಬೀಳುತ್ತೆ, ಹಳದಿ ರೆಕ್ಕೆಯೂ ಮಸಿ ಬಳಿದ ಹಾಗೆ ಕಾಣುತ್ತೆ. ಅದೇ ವಿಮಾನವನ್ನು ಇನ್ನೊಂದು ಬಗೆಯ ಫಿಲ್ಮ್‌ನಲ್ಲಿ ತೆಗೆದರೆ ರೆಕ್ಕೆ ಬೆಳ್ಳಗೆ. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ವಿಮಾನ ಅಂತ ಪ್ರಮಾಣ ಮಾಡಿ ಹೇಳ್ತೀರಿ. ಅದಕ್ಕೇ ಅನುಭವಿಗಳು ಬಣ್ಣಕ್ಕಿಂತ ಅಕ್ಷರ ನಂಬ್ತಾರೆ. ಪಕ್ಕದಲ್ಲಿ '6-ಟಿ-4' ಅಂತ ಇದ್ದರೆ ಆರನೇ ದಳ, ಟಾರ್ಪಿಡೊ ವಿಮಾನ, ದಳದ ನಾಲ್ಕನೆಯದು.

ಆಮೇಲೆ ನಕ್ಷತ್ರ. ಇದು ನನಗೆ ತುಂಬ ಇಷ್ಟವಾದ ಭಾಗ. ಅಮೆರಿಕದ ಗುರುತು ನೀಲಿ ವೃತ್ತದೊಳಗೆ ಬಿಳಿ ನಕ್ಷತ್ರ, ಅದರ ನಡುವೆ ಒಂದು ಕೆಂಪು ಚುಕ್ಕೆ. ಜಪಾನಿನ ಗುರುತೂ ಕೆಂಪು ವೃತ್ತವೇ. ಗಲಿಬಿಲಿಯಲ್ಲಿ ತಮ್ಮವರೇ ತಮ್ಮವರ ಮೇಲೆ ಗುಂಡು ಹಾರಿಸುವ ಅಪಾಯ. ಅದಕ್ಕೆ 1942ರ ಮೇ ತಿಂಗಳಲ್ಲಿ ಆ ಚುಕ್ಕೆಯನ್ನು ಅಳಿಸಿದರು. ಅದೇ ವರ್ಷದ ಜನವರಿಯಲ್ಲಿ ಬಾಲಕ್ಕೆ ಬಳಿದಿದ್ದ ಕೆಂಪು-ಬಿಳಿ ಪಟ್ಟೆಗಳನ್ನೂ ಅಳಿಸಿದರು. ಅಂದ್ರೆ ನೀಲಿ-ಬೂದು ಯುದ್ಧಬಣ್ಣದ ವಿಮಾನದ ಬಾಲದಲ್ಲಿ ಪಟ್ಟೆ ಕಂಡರೆ, ಆ ಫೋಟೋ ಜನವರಿಯಿಂದ ಮೇ ಒಳಗಿನ ಬಣ್ಣವನ್ನು ತೋರಿಸ್ತಿದೆ. ಬರೀ ನಾಲ್ಕೈದು ತಿಂಗಳು! ಮತ್ತೆ 1943ರ ಬೇಸಿಗೆಯಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ ಸೇರಿಸಿದರು. ದಿನಾಂಕವೇ ಬರೆದಿರದ ಫೋಟೋಗೂ ಹೀಗೆ ಕಾಲ ಕಟ್ಟಬಹುದು.

ಇಷ್ಟಾದರೂ ಒಂದು ಮುಖ್ಯ ವಿಷಯ ಬಾಕಿ. '6-ಟಿ-4' ಅನ್ನೋದು ಬಸ್ಸಿನ ರೂಟ್ ನಂಬರ್ ಇದ್ದ ಹಾಗೆ, ಇವತ್ತು ಒಂದು ಬಸ್ಸಿಗೆ, ನಾಳೆ ಇನ್ನೊಂದಕ್ಕೆ. ಬದಲಾಗದ್ದು ಬ್ಯೂರೋ ನಂಬರ್. ಕಾರ್ಖಾನೆಯಲ್ಲೇ ಕೊಟ್ಟು ಬಿಡ್ತಾರೆ, ನಮ್ಮ ಗಾಡಿಯ ಚಾಸಿಸ್ ನಂಬರ್ ಥರ. ಬಾಲದ ಹತ್ತಿರ ಚಿಕ್ಕದಾಗಿ ಬರೆದಿರುತ್ತೆ, ಒಳಗೆ ಲೋಹದ ಫಲಕದಲ್ಲೂ ಇರುತ್ತೆ.

ಈ ನಂಬರ್ ಮಾಡಿದ ಒಂದು ಚಮತ್ಕಾರ ಹೇಳ್ತೀನಿ. ನಂಬರ್ 2106.

ಇದು ಎಸ್‌ಬಿಡಿ ಡಾಂಟ್‌ಲೆಸ್, ಡಗ್ಲಸ್‌ನದೇ ಡೈವ್ ಬಾಂಬರ್. ಮಿಡ್ವೇಯಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳನ್ನು ಮುಳುಗಿಸಿದ ಕೀರ್ತಿ ಈ ಮಾದರಿಗೆ ಸಲ್ಲಬೇಕು. 2106 ಮಾತ್ರ ಅಲ್ಲಿ ಹಡಗಿನಿಂದಲ್ಲ, ಮಿಡ್ವೇ ದ್ವೀಪದಿಂದಲೇ ಮರೀನ್ ದಳದ ಜೊತೆ ಹಾರಿತು. ಪೈಲಟ್ ಡೇನಿಯಲ್ ಇವರ್ಸನ್, ಹಿಂದೆ ಬಂದೂಕು ಹಿಡಿದು ಕೂತಿದ್ದವರು ವ್ಯಾಲೆಸ್ ರೀಡ್. ಅವರ ಗುಂಪಿನ 16 ಡಾಂಟ್‌ಲೆಸ್‌ಗಳಲ್ಲಿ ಮರಳಿದ್ದು ಅರ್ಧ. ಮುಖ್ಯಸ್ಥ ಲಾಫ್ಟನ್ ಹೆಂಡರ್ಸನ್ ಸತ್ತರು. ಇವರ್ಸನ್ ವಿಮಾನಕ್ಕೆ 219 ತೂತು ಬಿದ್ದಿದ್ದವು. ಒಂದು ಗುಂಡು ಅವರ ಗಂಟಲಿಗೆ ಕಟ್ಟಿದ್ದ ಮೈಕ್‌ನ ವೈರನ್ನೇ ಕತ್ತರಿಸಿತ್ತು. ಗಂಟಲಿಗೆ ಏನೂ ಆಗಿರಲಿಲ್ಲ. ಒಂದೇ ಚಕ್ರದ ಮೇಲೆ ಇಳಿಸಿದರು.

ಇಂಥ ವಿಮಾನವನ್ನು ಸ್ಮಾರಕ ಮಾಡ್ತಾರೆ ಅಂತ ನಾವು ಅಂದ್ಕೋತೀವಿ. ಇಲ್ಲ. ತೂತುಗಳಿಗೆ ತೇಪೆ ಹಾಕಿ, ಷಿಕಾಗೋ ಹತ್ತಿರ ತರಬೇತಿಗೆ ಕಳಿಸಿದರು. ಅಲ್ಲಿ ಮಿಷಿಗನ್ ಸರೋವರದಲ್ಲಿ ವುಲ್ವರೀನ್, ಸೇಬಲ್ ಅಂತ ಎರಡು ತರಬೇತಿ ಹಡಗು. ಪ್ರಯಾಣಿಕರನ್ನು ಹೊರುತ್ತಿದ್ದ ಹಳೇ ಕಲ್ಲಿದ್ದಲ ಹಡಗುಗಳು, ಪಕ್ಕದಲ್ಲಿ ದೊಡ್ಡ ಚಕ್ರ ತಿರುಗಿಸಿ ಓಡುವಂಥವು. ಅವುಗಳ ನೆತ್ತಿ ಸಮತಟ್ಟು ಮಾಡಿ ಹುಡುಗರಿಗೆ ಹಡಗಿನ ಮೇಲೆ ಇಳಿಯೋದು ಕಲಿಸ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಕೂಡ ಅಲ್ಲಿ ಕಲಿತವರೇ. ಕಲಿಯುವಾಗ ಬೀಳೋದು ಸಹಜ. ನೂರಕ್ಕೂ ಹೆಚ್ಚು ವಿಮಾನಗಳು ಸರೋವರ ಸೇರಿದವು. 1943ರ ಜೂನ್ 11ರಂದು 2106 ಕೂಡ ಬಿತ್ತು. ಪೈಲಟ್ ಬದುಕಿದರು.

ಡಾಂಟ್‌ಲೆಸ್ ಒಟ್ಟು 5,936 ತಯಾರಾಗಿದ್ದವು. ಯುದ್ಧ ಗೆದ್ದು ಸುರಕ್ಷಿತವಾಗಿ ಮನೆಗೆ ಬಂದವುಗಳಲ್ಲಿ ಹೆಚ್ಚಿನವು ಕುಲುಮೆಗೆ ಹೋದವು. ನೀರಿಗೆ ಬಿದ್ದು 'ನಷ್ಟ' ಅಂತ ಬರೆಸಿಕೊಂಡವು ಮಾತ್ರ ತಣ್ಣನೆಯ ಸಿಹಿನೀರಿನಲ್ಲಿ, ಕತ್ತಲಲ್ಲಿ, ಹಾಗೇ ಇದ್ದವು. 1994ರಲ್ಲಿ 2106ನ್ನು ಮೇಲೆತ್ತಿದಾಗ ಗುಂಡಿನ ತೂತಿಗೆ ಹಾಕಿದ್ದ ತೇಪೆಗಳು ಇನ್ನೂ ಮೈಮೇಲಿದ್ದವು. ನಂಬರ್ ನೋಡಿ, ದಾಖಲೆಗಳ ಜೊತೆ ತಾಳೆ ಹಾಕಿದರೆ ಮಿಡ್ವೇಯ ವಿಮಾನ! ಅದಕ್ಕೂ ಮುಂಚೆ, 1942ರ ಮಾರ್ಚ್ 10ರಂದು, ಲೆಕ್ಸಿಂಗ್ಟನ್ ಹಡಗಿನಿಂದ ನ್ಯೂಗಿನಿಯ ಲಾಯ್ ಮತ್ತು ಸಲಮೌವಾ ಮೇಲಿನ ದಾಳಿಗೂ ಅದು ಹೋಗಿತ್ತು. ಈಗ ಫ್ಲಾರಿಡಾದ ಪೆನ್ಸಕೋಲಾದಲ್ಲಿ, ನೌಕಾ ವಾಯುಯಾನ ಮ್ಯೂಸಿಯಂನಲ್ಲಿದೆ. ಇವರ್ಸನ್ ಮಾತ್ರ ಇದನ್ನು ನೋಡಲಿಲ್ಲ. 1944ರ ಜನವರಿಯಲ್ಲಿ ಫ್ಲಾರಿಡಾದಲ್ಲೇ, ತರಬೇತಿ ಹಾರಾಟದಲ್ಲಿ ಎರಡು ವಿಮಾನ ಡಿಕ್ಕಿಯಾಗಿ ತೀರಿಕೊಂಡಿದ್ದರು.

ಆ ಸರೋವರದಿಂದ ಇದುವರೆಗೆ ಸುಮಾರು 40 ವಿಮಾನ ಮೇಲೆ ಬಂದಿವೆ. ಉಳಿದವಕ್ಕೆ ಈಗ ಹೊಸ ಶತ್ರು. ಯುರೋಪ್ ಕಡೆಯಿಂದ ಹಡಗುಗಳ ಜೊತೆ ಬಂದ ಕ್ವಾಗಾ ಅನ್ನೋ ಚಿಪ್ಪುಜೀವಿ ಮೈತುಂಬ ಅಂಟಿಕೊಂಡು ಲೋಹವನ್ನು ಹಾಳು ಮಾಡ್ತಿದೆ. ಐವತ್ತು ವರ್ಷ ಕಾಪಾಡಿದ ನೀರು ಇನ್ನು ಮುಂದೆ ಕಾಪಾಡಲ್ಲ.

ಹಾಗಾದ್ರೆ ಯಾರಾದ್ರೂ ಹೋಗಿ ಎತ್ತಬಹುದಾ? ಇಲ್ಲ. ಲೆಕ್ಕದ ಪುಸ್ತಕದಿಂದ ತೆಗೆದರೂ ಮಾಲೀಕತ್ವ ಹೋಗಲ್ಲ. ಮುಳುಗಿದ ಸೇನಾ ನೌಕೆ-ವಿಮಾನಗಳ ಬಗ್ಗೆ 2004ರಲ್ಲಿ ಅಮೆರಿಕ ಕಾನೂನನ್ನೇ ಮಾಡಿದೆ. ಎಷ್ಟೇ ವರ್ಷ ಆಗಿರಲಿ, ಎಲ್ಲೇ ಬಿದ್ದಿರಲಿ, ಅದು ಸರ್ಕಾರದ್ದೇ. ಕಾರಣವೂ ಇದೆ. ಕೆಲವು ಕಾಕ್‌ಪಿಟ್‌ಗಳೊಳಗೆ ಇನ್ನೂ ಮನುಷ್ಯರಿದ್ದಾರೆ. ಅಪರೂಪದ ವಿಮಾನ ಅಂತ ಸಮಾಧಿ ಅಗೆಯೋಕೆ ಆಗುತ್ತಾ? ನನ್ನ ಪ್ರಕಾರ ಆ ಕಾನೂನು ಸರಿಯಾಗಿಯೇ ಇದೆ.

ಡಿವಾಸ್ಟೇಟರ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಬೇರೆ ಥರ ಯೋಚಿಸ್ತೀನಿ. 1942ರ ಫೆಬ್ರುವರಿ 1ರಂದು ಯಾರ್ಕ್‌ಟೌನ್‌ನ ಎರಡು ಡಿವಾಸ್ಟೇಟರ್‌ಗಳು ಮಾರ್ಷಲ್ ದ್ವೀಪಗಳ ಜಲುಯಿಟ್ ಬಳಿ ಒಳಗಡಲಿನಲ್ಲಿ ಇಳಿದವು. ಸಿಬ್ಬಂದಿ ಹೊರಗೆ ಬಂದರು, ಜಪಾನೀಯರಿಗೆ ಸೆರೆ ಸಿಕ್ಕರು. ಅಂದ್ರೆ ಅವು ಸಮಾಧಿಗಳಲ್ಲ. ಅವನ್ನು ಎತ್ತುವ ಪ್ರಯತ್ನ ವರ್ಷಗಳಿಂದ ನಡೀತಾ ಇದೆ. 2018ರಲ್ಲಿ ಲೆಕ್ಸಿಂಗ್ಟನ್ ಹಡಗಿನ ಅವಶೇಷ ಸಿಕ್ಕಾಗ ಅದರ ಸುತ್ತ ಇನ್ನೂ ಏಳು ಡಿವಾಸ್ಟೇಟರ್ ಕಂಡವು, ಆದ್ರೆ ಅವು ಇರೋದು ಸುಮಾರು ಮೂರು ಕಿಲೋಮೀಟರ್ ಆಳದಲ್ಲಿ. ಅಷ್ಟು ಕೆಳಗಿಂದ ತರೋದು ದೂರದ ಮಾತು. ಜಲುಯಿಟ್‌ನದು ಬೆಚ್ಚಗಿನ ಉಪ್ಪುನೀರು. ಅಲ್ಲಿ ಕಾದಷ್ಟೂ ಲೋಹ ಕರಗುತ್ತೆ.

ನಮ್ಮ ಕಡೆ ಏನಿದೆ? ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಟುಪೊಲೆವ್-142 ಇದೆ, ದೊಡ್ಡ ವಿಮಾನ, ಕಣ್ಣಿಗೆ ಬೀಳುತ್ತೆ. ಆದ್ರೆ ಅಪರೂಪದ್ದು ನೋಡಬೇಕಂದ್ರೆ ಇನ್ನೂ ಮೇಲಕ್ಕೆ, ಗೋವಾಕ್ಕೆ ಹೋಗಬೇಕು. ಬೊಗ್ಮಾಲೊ ರಸ್ತೆಯ ನೌಕಾ ವಾಯುಯಾನ ಮ್ಯೂಸಿಯಂನಲ್ಲಿ ಶಾರ್ಟ್ ಸೀಲ್ಯಾಂಡ್ ಅಂತ ಒಂದು ವಿಮಾನ ಇದೆ. ನೀರಿನ ಮೇಲೂ ಇಳಿಯುತ್ತೆ, ನೆಲದ ಮೇಲೂ ಇಳಿಯುತ್ತೆ. 1953ರಲ್ಲಿ ಕೊಚ್ಚಿಯಲ್ಲಿ ನಮ್ಮ ನೌಕಾಪಡೆಯ ವಾಯುಯಾನ ಶುರುವಾಗಿದ್ದೇ ಇದರಿಂದ. ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2 ಎಲ್ಲ ಸೇರಿಕೊಂಡಿದ್ದು ಆಮೇಲೆ. ಬೆಲ್‌ಫಾಸ್ಟ್‌ನಲ್ಲಿ ಸೀಲ್ಯಾಂಡ್ ತಯಾರಾಗಿದ್ದೇ 25. ಅದರಲ್ಲಿ 10 ಭಾರತ ಕೊಂಡಿತ್ತು. ಈಗ ಉಳಿದಿರೋದು ಮೂರು: ಉತ್ತರ ಐರ್ಲೆಂಡಿನಲ್ಲಿ ಒಂದು, ಬೆಲ್‌ಗ್ರೇಡ್‌ನಲ್ಲಿ ಒಂದು, ಗೋವಾದಲ್ಲಿ ಒಂದು. ಬೀಚಿಗೆ ಹೋಗುವ ದಾರಿಯಲ್ಲೇ ಇದೆ, ಅರ್ಧ ಗಂಟೆ ಸಾಕು.

ನಿಮ್ಮ ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ನೌಕಾಪಡೆಯಲ್ಲಿ ಇದ್ದಿದ್ದರೆ ಹಳೇ ಆಲ್ಬಂ ಇದ್ದೇ ಇರುತ್ತೆ, ವಿಮಾನದ ಮುಂದೆ ಕೈಕಟ್ಟಿ ನಿಂತ ನಾಲ್ಕು ಜನರ ಫೋಟೋ. ಸ್ಕ್ಯಾನ್ ಮಾಡುವಾಗ ಜನರಷ್ಟನ್ನೇ ಉಳಿಸಿಕೊಂಡು ಅಂಚು ಕತ್ತರಿಸಬೇಡಿ. 'ಐಎನ್' ಅಂತ ಶುರುವಾಗುವ ನಂಬರ್ ಸಾಮಾನ್ಯವಾಗಿ ಆ ಅಂಚಿನಲ್ಲೇ, ಬಾಲದ ಕಡೆ ಇರುತ್ತೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಹೆಸರು, ಊರು, ವರ್ಷ ಗೊತ್ತಿರುವ ಹಿರಿಯರು ಇನ್ನೂ ಇದ್ದರೆ ಈಗಲೇ ಕೇಳಿ ಬರೆದುಕೊಳ್ಳಿ, ಪೆನ್ಸಿಲ್‌ನಲ್ಲಿ, ಮೆಲ್ಲಗೆ. ಬಾಲ್‌ಪೆನ್ನಿನಲ್ಲಿ ಬರೆದರೆ ಒತ್ತಿದ ಗೆರೆ ಮುಂದಿನ ಚಿತ್ರದ ಮೇಲೆ ಮೂಡುತ್ತೆ.